ಚಕ್ರದ ಹಿಂದಿನ ತಗಡು, ಅದರ ಅಂಚಿನ ರಬ್ಬರು

ಹಳೇ ಕಾರಿನ ಮುಂದಿನ ಚಕ್ರ ಬಿಚ್ಚಿ, ಮಡ್‌ಗಾರ್ಡಿನೊಳಗೆ ತಲೆ ತೂರಿಸಿ ಹಿಂದಕ್ಕೆ ನೋಡಿದರೆ ನೆಟ್ಟಗೆ ನಿಂತ ಒಂದು ತಗಡು ಕಾಣುತ್ತದೆ. ಚಕ್ರ ಎರಚುವ ಕೆಸರು ಬಾಗಿಲಿನ ಕಂಬದ ಕಡೆ ಹೋಗದಂತೆ ತಡೆಯುವುದಷ್ಟೇ ಅದರ ಕೆಲಸ. ಪಾರ್ಟ್ಸ್ ಪುಸ್ತಕದಲ್ಲಿ ಸ್ಪ್ಲಾಶ್ ಪ್ಯಾನೆಲ್, ಗ್ಯಾರೇಜಿನಲ್ಲಿ ಮಡ್ ಶೀಲ್ಡ್, ಟಿಂಕರಿಂಗ್ ಹುಡುಗರ ಬಾಯಲ್ಲಿ ಬರೀ ‘ಒಳತಗಡು’. ಈ ತಗಡಿಗೂ ಹೊರಗಿನ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟು ಸಂದು ಇರುತ್ತದೆ. ಸಂದು ಮುಚ್ಚುವುದು ತಗಡಿನ ಅಂಚಿಗೆ ಕೂರಿಸಿದ ಒಂದು ರಬ್ಬರ್ ಪಟ್ಟಿ. ಗಾಡಿ ಪೂರ್ತಿ ಬಿಚ್ಚಿ ಮರುಜೀವ ಕೊಡುವಾಗ ಎಂಜಿನ್ನಿಗೆ, ಪೇಂಟಿಗೆ, ಕ್ರೋಮಿಗೆ ತಿಂಗಳುಗಟ್ಟಲೆ ಕೊಡುವವರು ಈ ಪಟ್ಟಿಗೆ ಅರ್ಧ ದಿನವನ್ನೂ ಕೊಡುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಬಾಗಿಲಿನ ಮುಂದೆ, ಮಡ್‌ಗಾರ್ಡಿನ ಕೆಳತುದಿಯಲ್ಲಿ ಹೊಸ ಪೇಂಟು ಗುಳ್ಳೆ ಏಳುತ್ತದೆ. ಬೈಗುಳ ಪೇಂಟರಿಗೆ ಬೀಳುತ್ತದೆ.

ಈ ಸಲ ಕೈಗೆ ಬಂದದ್ದು ಕೊಪ್ಪದ ಕಡೆಯ ಒಂದು ಕಾಫಿ ತೋಟದಲ್ಲಿದ್ದ 1966ರ ಎಂಜಿಬಿ ಸ್ಪೋರ್ಟ್ಸ್ ಕಾರು, ತೆರೆದ ಮೈಯದು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಗಾಡಿ. ಇದಕ್ಕೆ ಬೇರೆ ಚಾಸಿಸ್ ಇಲ್ಲ. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಸಿಲ್ ಪೆಟ್ಟಿಗೆಯೇ ಬೆನ್ನೆಲುಬು. ಮೇಲೆ ಮಾಡೂ ಇಲ್ಲದ್ದರಿಂದ ಭಾರವೆಲ್ಲ ಅದರ ಮೇಲೇ. ಮುಂದಿನ ಮಡ್‌ಗಾರ್ಡುಗಳು ಬೋಲ್ಟಿನಿಂದ ಕೂತವು. ಒಳತಗಡಿನ ಹಿಂದೆ ಸೇರಿದ ಕೆಸರು ನೇರ ಕೆಳಗಿಳಿದು ಮಡ್‌ಗಾರ್ಡಿನ ಪಾದ ಮತ್ತು ಸಿಲ್ಲಿನ ಮುಂತುದಿ ಕೂಡುವಲ್ಲಿ ಕೂರುತ್ತದೆ. ಅಂದರೆ ಒಂದು ಪಟ್ಟಿ ರಬ್ಬರು ಹೋದರೆ ತಿನ್ನಿಸಿಕೊಳ್ಳುವುದು ಗಾಡಿಯ ಬೆನ್ನುಮೂಳೆ. ಬೋಲ್ಟ್ ಮಡ್‌ಗಾರ್ಡಿನ, ಒಳತಗಡಿರುವ ಹಳೆಯ ಗಾಡಿ ಯಾವುದಾದರೂ ಮುಂದೆ ಹೇಳುವ ಕೆಲಸ ಹೆಚ್ಚುಕಮ್ಮಿ ಇದೇ.

ನಮ್ಮ ಕಡೆಯ ಮಳೆಯನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಆಸುಪಾಸು ಬೀಳುತ್ತದೆ. ಜಂಬಿಟ್ಟಿಗೆ ಮಣ್ಣು ಒದ್ದೆಯಾದರೆ ಹಿಟ್ಟಿನಷ್ಟು ನುಣ್ಣಗೆ ಕಲಸಿಕೊಂಡು ಎಂಥ ಸಂದಿಗಾದರೂ ನುಗ್ಗುತ್ತದೆ, ಒಣಗಿದರೆ ಇಟ್ಟಿಗೆ. ಆರಿದ್ರಾದಿಂದ ಆಶ್ಲೇಷದವರೆಗೆ ಒಳಗೆ ಸೇರಿದ್ದು ಒಣಗುವ ಮಾತೇ ಇಲ್ಲ. ಜರ್ರೆಂದು ಸುರಿದು ಬಿಡುವ ಬಯಲುಸೀಮೆ ಮಳೆಗೆ ಈ ತಗಡು ತಡೆಯುತ್ತದೆ. ಮೂರು ತಿಂಗಳ ಜಿಟಿಜಿಟಿಗೆ ತಡೆಯಬೇಕಾದರೆ ರಬ್ಬರು ಸರಿಯಾಗಿ ಕೂತಿರಬೇಕು.

ಬಿಚ್ಚುವುದರಿಂದ ಶುರು. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಮುಂದೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕಿ ನಂಬಿ ತಲೆ ಒಳಗೆ ಹಾಕಬೇಡಿ. ಕಡ್ಡಿ ಚಕ್ರವಾದರೆ ನಡುವಿನ ಕಿವಿನಟ್ಟಿನ ಬಾಣದ ಗುರುತು ನೋಡಿ. ಎಡಗಡೆ, ಬಲಗಡೆ ಬಿಚ್ಚುವ ದಿಕ್ಕು ಬೇರೆಬೇರೆ. ತಾಮ್ರದ ಸುತ್ತಿಗೆ ಬಿಟ್ಟು ಕಬ್ಬಿಣದ್ದರಲ್ಲಿ ಹೊಡೆದರೆ ಕಿವಿ ಹಾಳಾಗುತ್ತದೆ.

ಒಳತಗಡು ಒಳಗಿನ ಮಡ್‌ಗಾರ್ಡಿಗೆ, ಅಂದರೆ ಎಂಜಿನ್ ಕಡೆಯ ಗೋಡೆಗೆ, ಸಣ್ಣ ಬೋಲ್ಟುಗಳಿಂದ ಕೂತಿರುತ್ತದೆ. ನಮ್ಮ ಗಾಡಿಯಲ್ಲಿ ಅವು ಕಾಲು ಇಂಚಿನ ಯುಎನ್‌ಎಫ್ (ಇಂಚಿನ ಅಳತೆಯ, ಸಣ್ಣ ಥ್ರೆಡ್ಡಿನ ಬೋಲ್ಟು), ಪಾನಾ 7/16. ಕೆಲವು ಕಡೆ ಹಿಂದಿನ ಯಾರೋ 6 ಎಂಎಂ ಬೋಲ್ಟು ತುರುಕಿದ್ದರು. ಕಾಲು ಇಂಚೆಂದರೆ 6.35 ಮಿಮೀ, ಅದರ ಮರೆಯ (ಥ್ರೆಡ್ಡಿನ) ಅಂತರ ಸುಮಾರು 0.9 ಮಿಮೀ, 6 ಎಂಎಂ ಬೋಲ್ಟಿನದು 1 ಮಿಮೀ. ಎರಡು ಮೂರು ಸುತ್ತು ಸಡಿಲವಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ, ‘ಕೂತಿತು’ ಅನಿಸುತ್ತದೆ. ಕೂತಿರುವುದಿಲ್ಲ, ಮರೆ ಕೊರೆದುಕೊಂಡಿರುತ್ತದೆ. ಹಳ್ಳ ದಿಣ್ಣೆಯ ರಸ್ತೆಯಲ್ಲಿ ಅದೇ ಮೊದಲು ಬಿಚ್ಚಿಕೊಳ್ಳುವುದು. ತಗಡು ಕದಲಿದರೆ ರಬ್ಬರು ಹೊಸದಿದ್ದೂ ಉಪಯೋಗವಿಲ್ಲ.

ಬೋಲ್ಟಿನ ತುದಿ ಒಳತಗಡಿನ ಹಿಂದಿರುವ ಟೊಳ್ಳು ಗೂಡಿನಲ್ಲಿ, ಹಸಿ ಮಣ್ಣಿನಲ್ಲಿ ವರ್ಷಗಟ್ಟಲೆ ಹೂತಿರುವುದರಿಂದ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣದ ಆ ತುದಿಯೇ. ತಲೆ ಚೆನ್ನಾಗಿದೆಯೆಂದು ಜೋರಾಗಿ ತಿರುಗಿಸಿದರೆ ಕುತ್ತಿಗೆ ಮುರಿಯುತ್ತದೆ. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಬಿಟ್ಟು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಅರ್ಧ ಸುತ್ತು ಬಂದರೆ ಕಾಲು ಸುತ್ತು ಹಿಂದಕ್ಕೆ. ಹಾಗೆ ಮಾಡಿಯೂ ಎರಡು ಮುರಿದವು. ನಡುವಿಗೆ ಪಂಚ್ ಹಾಕಿ, 3 ಮಿಮೀ ಡ್ರಿಲ್ಲಿನಿಂದ ಶುರು ಮಾಡಿ 5.5ಕ್ಕೆ ಬಂದು, ಕಾಲು ಇಂಚಿನ ಯುಎನ್‌ಎಫ್ ಟ್ಯಾಪ್ ಹಾಕಿ ಮರೆ ಮತ್ತೆ ಎಬ್ಬಿಸಿದೆವು. ಅವಸರದಲ್ಲಿ ನೇರ 5.5 ಹಾಕಿದರೆ ಡ್ರಿಲ್ಲು ಗಟ್ಟಿ ಬೋಲ್ಟಿನಿಂದ ಜಾರಿ ಪಕ್ಕದ ಮೆತ್ತನೆ ತಗಡಿಗೆ ಇಳಿಯುತ್ತದೆ.

ತಗಡು ಕೈಗೆ ಬಂದ ಮೇಲೆ ಹಳೇ ರಬ್ಬರನ್ನು ಕಿತ್ತು ಎಸೆಯಬೇಡಿ. ಅದು ಯಾವ ಕಡೆಗೆ ಮಡಿಚಿಕೊಂಡಿತ್ತು, ಎಲ್ಲಿ ಶುರುವಾಗಿ ಎಲ್ಲಿ ನಿಂತಿತ್ತು ಅಂತ ಗುರುತು ಹಾಕಿ, ಎಡ ಬಲ ಬರೆದು, ಫೋಟೋ ತೆಗೆಯಿರಿ. ಉದ್ದಕ್ಕೆ ಮಾತ್ರ ಅದನ್ನು ಅಳತೆ ಮಾಡಬೇಡಿ. ಹಳೇ ರಬ್ಬರು ಗಟ್ಟಿಯಾಗುತ್ತಾ ಕುಗ್ಗುತ್ತದೆ. ಕುಗ್ಗಿದ್ದನ್ನು ನೋಡಿ ಕೊಯ್ದ ಹೊಸ ಪಟ್ಟಿ ಎರಡೂ ತುದಿಯಲ್ಲಿ ಗಿಡ್ಡ ಬರುತ್ತದೆ, ನೀರಿಗೆ ಬೇಕಾಗಿದ್ದೂ ಆ ತುದಿಗಳೇ. ಅಳತೆಗೆ ತಗಡಿನ ಅಂಚಿನ ಮೇಲೆ ದಾರ ಹಿಡಿಯಿರಿ.

ಗೂಡಿನೊಳಗಿಂದ ಎರಡೂ ಕಡೆ ಸೇರಿ ಅರ್ಧ ಬಾಂಡ್ಲಿ ಮಣ್ಣು ಬಂತು. ಮಣ್ಣೊಂದೇ ಅಲ್ಲ: ದರಗು, ಅಡಿಕೆ ಸಿಪ್ಪೆಯ ನಾರು, ಕಣಜ ಕಟ್ಟಿದ ಗೂಡು, ಹಳೇ ಲಾಂಬಿಯ (ಬಾಡಿ ಪುಟ್ಟಿಯ) ಹಕ್ಕಳೆ. ಇದನ್ನು ನೀರು ಹೊಡೆದು ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಒಣ ಮಣ್ಣಿಗೆ ಪ್ರೆಷರ್ ನೀರು ಬಿದ್ದರೆ ಗಂಜಿಯಾಗಿ ಸಿಲ್ಲಿನ ಬೆಸುಗೆಯ ಸಂದಿಗೆ ಹರಿದು ಅಲ್ಲೇ ಕೂರುತ್ತದೆ. ಮೊದಲು ಬಿದಿರು ಕಡ್ಡಿಯಿಂದ ಕೆದಕಿ, ಒಣದಾಗಿಯೇ ಬ್ರಷ್ಷಿನಲ್ಲಿ ಕೆಳಗಿಳಿಸಿ, ವ್ಯಾಕ್ಯೂಮ್ ಹಿಡಿಯಿರಿ. ಆಮೇಲೆ ಪೈಪಿನಲ್ಲಿ ಸಾಧಾರಣ ವೇಗದ ನೀರು, ಮೇಲಿಂದ ಕೆಳಗೆ. ಕೆಳಗಿನ ತೂತಿನಿಂದ ತಿಳಿ ನೀರು ಬರುವವರೆಗೆ, ಅಂದರೆ ಮೂರು ನಾಲ್ಕು ಸಲ. ನಮಗೆ ಮೊದಲ ಸಲ ನೀರೇ ಹೊರಗೆ ಬರಲಿಲ್ಲ. ತೂತು ಎಲ್ಲಿದೆ ಅಂತ ಹುಡುಕಿದರೆ, ಹಿಂದೆ ಅಡಿಗೆ ಬಳಿದ ಡಾಂಬರು ಬಣ್ಣ ಅದನ್ನು ಪೂರ್ತಿ ಮುಚ್ಚಿತ್ತು. 3 ಮಿಮೀ ತಂತಿಯಿಂದ ಚುಚ್ಚಿ ಬಿಡಿಸಿದ ಮೇಲೆ ಬಗ್ಗಡ ಧಾರೆಯಾಗಿ ಇಳಿಯಿತು. ಈ ತೂತಿನ ಮಾತು ಮುಂದೆ ಮತ್ತೆ ಬರುತ್ತದೆ.

ತೊಳೆದ ಗೂಡು ಒಣಗಲು ಬೇಸಿಗೆಯಲ್ಲಿ ಒಂದು ದಿನ ಸಾಕು. ಮಳೆಗಾಲದಲ್ಲಾದರೆ 100 ವ್ಯಾಟಿನ ಹಳೇ ಬಲ್ಬು ಹಾಕಿ ಎರಡು ದಿನ ಬಿಡಬೇಕು; ಹತ್ತಿರದಲ್ಲಿ ಥಿನ್ನರ್ ಡಬ್ಬ, ಥಿನ್ನರ್ ಬಟ್ಟೆ ಇರಬಾರದು. ನಿಜ ಹೇಳಬೇಕೆಂದರೆ ಈ ಕೆಲಸವನ್ನು ಶಿವರಾತ್ರಿ ಕಳೆದ ಮೇಲೆ, ಮುಂಗಾರಿಗೆ ಮುಂಚೆ ಮಾಡಿ ಮುಗಿಸಬೇಕು. ಗಾಳಿಯ ತೇವ ನೂರಕ್ಕೆ 85 ದಾಟಿದಾಗ, ಅಥವಾ ತಗಡು ಮಂಜು ಹಿಡಿಯುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿಲ್ಲದಾಗ ಪ್ರೈಮರ್ ಹೊಡೆಯಬಾರದು ಅನ್ನುವುದು ಪೇಂಟಿನ ಸಾಮಾನ್ಯ ನಿಯಮ. ಪುನರ್ವಸು ಮಳೆಯಲ್ಲಿ ಅಂಥ ದಿನ ಎಲ್ಲಿ ಸಿಗಬೇಕು?

ತಗಡಿನ ಕೆಲಸ ಚುಟುಕಾಗಿ ಹೇಳುತ್ತೇವೆ, ಟಿಂಕರಿಂಗ್ ಗೊತ್ತಿದ್ದವರಿಗೆ ಹೊಸದೇನಿಲ್ಲ. ಕೆಳಗಿನ ಮೂಲೆ ಎರಡೂ ಕಡೆ ತಿಂದುಹೋಗಿತ್ತು. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 20 ಗೇಜಿನ ಹೊಸ ತುಂಡು ಬೆಸೆದು, ತುಕ್ಕಿನ ಕಲೆ ಉಳಿದಲ್ಲಿ ಫಾಸ್ಫಾರಿಕ್ ಆಮ್ಲದ ದ್ರಾವಣ ಬಳಿದು, ತೊಳೆದು ಒಣಗಿಸಿ, ಎರಡು ಡಬ್ಬದ ಎಪಾಕ್ಸಿ ಪ್ರೈಮರ್ ಎರಡು ಕೈ ಕೊಟ್ಟೆವು. ಒಂದು ಮಾತು ಮಾತ್ರ ಒತ್ತಿ ಹೇಳಬೇಕು: ರಬ್ಬರು ಕೂರುವ ಅಂಚನ್ನು ಅರದಿಂದ ತೀಡಿ, ಬೆರಳು ಎಳೆದರೆ ಎಲ್ಲೂ ಗೀರದಂತೆ ದುಂಡಗೆ ಮಾಡಿ. ಕತ್ತರಿಸಿ ಹಾಗೇ ಬಿಟ್ಟ ಅಂಚು ಗಾಡಿ ಅದುರುವಾಗಲೆಲ್ಲ ಗರಗಸದ ಹಾಗೆ ರಬ್ಬರನ್ನು ಕೊಯ್ಯುತ್ತಿರುತ್ತದೆ.

ಇನ್ನು ರಬ್ಬರು. ತಲೆಕೆಡಿಸಿಕೊಳ್ಳಬೇಕಾದ್ದು ಇಲ್ಲಿ.

ಈ ಮಾಡೆಲಿಗೆ ಅಚ್ಚಿನಿಂದ ಬಂದ ತಯಾರಿ ಪಟ್ಟಿ ಇಂಗ್ಲೆಂಡಿನಿಂದ ತರಿಸಬಹುದು. ತರಿಸಿದರೂ ನಮ್ಮಲ್ಲಿ ಏಟು ತಿಂದು, ತಟ್ಟಿಸಿಕೊಂಡು, ಲಾಂಬಿ ಮೆತ್ತಿಸಿಕೊಂಡ ಮಡ್‌ಗಾರ್ಡಿಗೆ ಅದು ಹೊಂದುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಹಾಳೆ ರಬ್ಬರು ತಂದು ಕೊಯ್ಯುವ ದಾರಿ ಹಿಡಿದೆವು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕೇಳಿದರೆ ಮೊದಲು ಬರುವ ಸಲಹೆ: “ಅಣ್ಣ, ಡೋರ್ ಬೀಡಿಂಗ್ ಹಾಕಿಬಿಡ್ರಿ, ಇಲ್ಲಾಂದ್ರೆ ಲಾರಿ ಟ್ಯೂಬ್ ಕೊಯ್ದು ಹಾಕಿ. ಯಾರು ನೋಡ್ತಾರೆ ಒಳಗೆ?”

ಬಾಗಿಲಿನ ಬೀಡಿಂಗ್ ಮೆತ್ತನೆ ಸ್ಪಂಜಿನ ಕೊಳವೆ. ಎರಡು ತಗಡುಗಳ ನಡುವೆ ಸಮವಾಗಿ ಅಮುಕಿದರೆ ಮಾತ್ರ ಕೆಲಸ ಮಾಡುತ್ತದೆ. ಇಲ್ಲಿ ಸಂದು ಸಮವಿಲ್ಲ, ಮೇಲಾಗಿ ಚಕ್ರ ಎಸೆಯುವ ಜಲ್ಲಿ ಅದನ್ನು ಒಂದು ಮಳೆಗಾಲದಲ್ಲಿ ಹರಿದುಹಾಕುತ್ತದೆ. ಲಾರಿ ಟ್ಯೂಬು ಅಷ್ಟು ಕೆಟ್ಟದ್ದೇನಲ್ಲ. ಬ್ಯುಟೈಲ್ ರಬ್ಬರಿನ ಟ್ಯೂಬು ಗಾಳಿ ಬಿಸಿಲಿಗೆ ಬೇಗ ಸೀಳು ಬಿಡುವುದಿಲ್ಲ. ಅದರ ತೊಂದರೆ ಬೇರೆ: ಹುಟ್ಟಿನಿಂದಲೇ ಬಾಗಿದ ರಬ್ಬರು, ತನ್ನ ಬಾಗಿಗೇ ತಿರುಗುತ್ತದೆ, ಸಂದಿಗೆ ಒತ್ತಿಕೊಳ್ಳುವ ಬಿಗಿ ಇರುವುದಿಲ್ಲ, ಜೋತು ಬೀಳುತ್ತದೆ. ತೋಟಕ್ಕೆ ಹೋಗಿಬರುವ ಜೀಪಿಗೆ ಒಂದು ವರ್ಷದ ಮಟ್ಟಿಗೆ ನಡೆದೀತು.

ತೆರೆದ ರಂಧ್ರದ ಸ್ಪಂಜು ಬೇಡವೇ ಬೇಡ. ಹಾಸಿಗೆಯ ಫೋಮಿನ ಹಾಗೆ ನೀರು ಕುಡಿದು ತಗಡಿನ ಅಂಚಿಗೆ ಒದ್ದೆ ಬಟ್ಟೆ ಸುತ್ತಿಟ್ಟಂತಾಗುತ್ತದೆ. ಅಂಗಡಿಯಲ್ಲಿ ಗುರುತಿಸುವುದು ಸುಲಭ: ತುಂಡನ್ನು ನೀರಿನಲ್ಲಿ ಅದ್ದಿ, ಒಳಗೇ ಹಿಂಡಿ ಬಿಟ್ಟು, ಹೊರಗೆ ತೆಗೆದು ಮತ್ತೆ ಹಿಂಡಿ. ನೀರು ಸುರಿದರೆ ತೆರೆದ ರಂಧ್ರದ್ದು.

ಉಳಿಯುವುದು ಗಟ್ಟಿ ಹಾಳೆಯ ಮೂರು ಬಗೆ. ನೈಸರ್ಗಿಕ ರಬ್ಬರಿನ ಹಾಳೆ ಅಗ್ಗ, ಚೆನ್ನಾಗಿ ಪುಟಿಯುತ್ತದೆ. ಆದರೆ ಬಾಗಿಸಿಟ್ಟ ಜಾಗದಲ್ಲಿ ಗಾಳಿಯ ಓಝೋನ್ ತಗುಲಿ ಅಡ್ಡಡ್ಡ ಸೀಳು ಬಿಡುತ್ತದೆ. ನಮ್ಮ ಪಟ್ಟಿ ಜೀವಮಾನವಿಡೀ ಬಾಗಿಯೇ ಇರುವಂಥದ್ದು, ಹಾಗಾಗಿ ರಿಪ್ಪನ್‌ಪೇಟೆಯ ಸುತ್ತ ರಬ್ಬರ್ ತೋಟವಿದ್ದರೂ ಆ ರಬ್ಬರು ನಮಗೆ ಒದಗುವುದಿಲ್ಲ. ಇಪಿಡಿಎಂ ಅನ್ನುವ ಕೃತಕ ರಬ್ಬರಿನ ಹಾಳೆ ಬಿಸಿಲು, ಮಳೆ, ಓಝೋನ್ ಮೂರನ್ನೂ ತಡೆಯುತ್ತದೆ. ಅದರ ಶತ್ರು ಎಣ್ಣೆ. ಪೆಟ್ರೋಲ್, ಡೀಸೆಲ್, ಗ್ರೀಸ್ ತಗುಲಿದರೆ ಉಬ್ಬಿ ಮೆತ್ತಗಾಗಿ ಅಲೆ ಅಲೆಯಾಗಿ ಎದ್ದು ನಿಲ್ಲುತ್ತದೆ. ನಿಯೋಪ್ರೀನ್, ಅದೂ ಕೃತಕ ರಬ್ಬರೇ, ಎರಡಕ್ಕೂ ಮಧ್ಯಮ: ಹವೆಗೆ ಇಪಿಡಿಎಂನಷ್ಟು ಬಾಳದು, ಎಣ್ಣೆಗೆ ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ.

ಪುಸ್ತಕದ ಪ್ರಕಾರ ಇಪಿಡಿಎಂ ಗೆಲ್ಲಬೇಕು. ಆದರೆ ಮಲೆನಾಡಿನಲ್ಲಿ ಮುಂಗಾರಿಗೆ ಮುಂಚೆ ಗಾಡಿಯ ಅಡಿಗೆ ಸುಟ್ಟ ಎಂಜಿನ್ ಎಣ್ಣೆಗೆ ಡೀಸೆಲ್ ಬೆರೆಸಿ ಹೊಡೆಸುವ ರೂಢಿ ಇದೆಯಲ್ಲ? ಆ ಎಣ್ಣೆ ಮೊದಲು ಬೀಳುವುದು ಚಕ್ರದ ಗೂಡಿಗೇ. ಇಪಿಡಿಎಂ ಹಾಕಿದ ಪಟ್ಟಿ ಒಂದೇ ಸಲಕ್ಕೆ ಹಾಳಾದದ್ದನ್ನು ಬೇರೊಂದು ಗಾಡಿಯಲ್ಲಿ ನೋಡಿದ್ದೇವೆ, ಅಂಚು ಹಪ್ಪಳದ ಹಾಗೆ ಸುರುಳಿ ಸುತ್ತಿತ್ತು. ಆದ್ದರಿಂದ ಮಾಲೀಕರನ್ನು ಮೊದಲೇ ಕೇಳಬೇಕು: ಎಣ್ಣೆ ಹೊಡೆಸುತ್ತೀರೋ ಇಲ್ಲವೋ? ಹೊಡೆಸುವವರಿಗೆ ನಿಯೋಪ್ರೀನ್, ಖಂಡಿತ ಹೊಡೆಸುವುದಿಲ್ಲ ಅನ್ನುವವರಿಗೆ ಇಪಿಡಿಎಂ. ಈ ಗಾಡಿಯ ಮಾಲೀಕರು ಮೊದಲು ಇಲ್ಲ ಅಂದರು, ಆಮೇಲೆ ತೋಟದ ಡ್ರೈವರನ್ನು ವಿಚಾರಿಸಿದರೆ ಪ್ರತಿ ಮೇ ತಿಂಗಳೂ ಹೊಡೆಸುತ್ತಿದ್ದರೆಂದು ತಿಳಿಯಿತು. ನಿಯೋಪ್ರೀನ್ ತಂದೆವು.

ದಪ್ಪ 3 ಮಿಮೀ, ಗಡಸು ಶೋರ್ ಎ ಅಳತೆಯಲ್ಲಿ 55ರಿಂದ 60. ಎರಡು ಮಿಲಿಮೀಟರಿಗಿಂತ ತೆಳ್ಳಗಿನದು ನೀರಿನ ಏಟಿಗೆ ಪಟಪಟ ಬಡಿಯುತ್ತದೆ. 5 ಮಿಮೀ ಹಾಕಿದರೆ ರಬ್ಬರು ಬಾಗುವ ಬದಲು ಒಳತಗಡೇ ಹಿಂದಕ್ಕೆ ಬಾಗುತ್ತದೆ, ಅಥವಾ ಬೋಲ್ಟ್ ಬಿಗಿಯುವಾಗ ಮಡ್‌ಗಾರ್ಡನ್ನು ಹೊರಕ್ಕೆ ನೂಕಿ ಬಾಗಿಲಿನ ಸಂದು ಕೆಡಿಸುತ್ತದೆ. ಹಾಳೆ 80 ಸೆಂಮೀ ಉದ್ದ, 40 ಸೆಂಮೀ ಅಗಲ ಇದ್ದರೆ ಎರಡೂ ಕಡೆಗೆ ಸಾಕು, ಒಂದು ಸಲ ತಪ್ಪಿ ಕೊಯ್ದರೂ ಉಳಿಯುತ್ತದೆ.

ಎಷ್ಟು ಅಗಲ ಕೊಯ್ಯಬೇಕು? ಒಳತಗಡು ಕೂರಿಸಿದ ಮೇಲೆ ಸಂದು ಅಳೆಯಲು ಕೈ ಹೋಗುವುದಿಲ್ಲ. ಮಕ್ಕಳು ಆಡುವ ಬಣ್ಣದ ಕ್ಲೇ ತಗೊಂಡು, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ತಗಡಿನ ಅಂಚಿಗೆ 10 ಸೆಂಮೀಗೆ ಒಂದರಂತೆ ಮೆತ್ತಿ. ಮಡ್‌ಗಾರ್ಡಿನ ಒಳಮೈಗೆ ಸೋಪಿನ ನೀರು ಸವರಿ, ಇಲ್ಲದಿದ್ದರೆ ಕ್ಲೇ ಅಲ್ಲೇ ಅಂಟಿಕೊಳ್ಳುತ್ತದೆ. ತಗಡನ್ನು ಜಾಗಕ್ಕೆ ತಂದು ಎರಡು ಬೋಲ್ಟ್ ಬಿಗಿದು, ಮತ್ತೆ ಬಿಚ್ಚಿ ಹೊರಗೆ ತೆಗೆಯಿರಿ. ಅಂಚಿನಿಂದ ಉಂಡೆಯ ಚಪ್ಪಟೆ ಮುಖದವರೆಗಿನ ಅಳತೆಯೇ ಆ ಜಾಗದ ಸಂದು. ನಮಗೆ ಎಡಗಡೆ ಮೇಲೆ 7, ನಡುವೆ 11, ಕೆಳಗೆ 9 ಮಿಮೀ ಬಂತು. ಬಲಗಡೆ ಮೇಲೆ 6, ಕೆಳಗೆ 10 ಇದ್ದದ್ದು ನಡುವೆ 19! ಹೊರಗೆ ಕನ್ನಡಿಯ ಹಾಗೆ ಹೊಳೆಯುವ ಪೇಂಟು. ಒಳಗೆ ಹಳೇ ಏಟನ್ನು ಪೂರ್ತಿ ಎಳೆಯದೆ ಒಳತಗಡನ್ನೇ ಬಡಿದು ಹಿಂದಕ್ಕೆ ಸರಿಸಿದ್ದರು. ಒಂದೇ ಅಗಲದ ಪಟ್ಟಿ ಹಾಕಿದ್ದರೆ ನಡುವೆ ರಬ್ಬರಿನ ತುದಿ ಮುಟ್ಟಿಯೂ ಮುಟ್ಟದ ಹಾಗೆ ನಿಲ್ಲುತ್ತಿತ್ತು.

ಲೆಕ್ಕ ಹೀಗೆ: ಸಂದಿನ ಅಳತೆ, ಅದಕ್ಕೆ ಮಡ್‌ಗಾರ್ಡಿನ ಮೇಲೆ ಒರಗಿ ಮಲಗಲು 14 ಮಿಮೀ, ತಗಡಿಗೆ ಹಿಡಿಸಲು 15 ಮಿಮೀ. 10 ಮಿಮೀ ಸಂದಿಗೆ ಸುಮಾರು 40, 19ಕ್ಕೆ 48 ಮಿಮೀ ಅಗಲ. ಬಲಗಡೆಯ ಪಟ್ಟಿ ಹಾಗಾಗಿ ನಡುವೆ ಹೊಟ್ಟೆ ಬಂದ ಮೀನಿನಂತಾಯಿತು. ಆಗಲಿ, ಒಳಗೆ ಯಾರು ನೋಡುತ್ತಾರೆ ಅನ್ನುವ ಮಾತು ಇಲ್ಲಿಗೆ ಮಾತ್ರ ಸರಿ.

ನೆಟ್ಟನೆಯ ಪಟ್ಟಿ ಕೊಯ್ದು ಬಾಗಿದ ಅಂಚಿಗೆ ಎಳೆದು ಕೂರಿಸಬಾರದು. ತಗಡಿನ ಅಂಚು ಹೊರಕ್ಕೆ ಬಾಗಿದಲ್ಲಿ ರಬ್ಬರಿನ ಹೊರತುದಿ ಹೆಚ್ಚು ದೂರ ಹೋಗಬೇಕು. ಎಳೆದು ಹಿಡಿಸಿದರೆ ತುದಿ ಒಳಕ್ಕೆ ಮಗುಚಿಕೊಳ್ಳುತ್ತದೆ, ತೂತುಗಳ ಹತ್ತಿರ ಹರಿಯಲು ಶುರುವಾಗುತ್ತದೆ. ತಗಡನ್ನೇ ರಟ್ಟಿನ ಮೇಲೆ ಇಟ್ಟು ಅಂಚಿನ ಗೆರೆ ಎಳೆದು, ಒಳಗೆ 15, ಹೊರಗೆ ಬೇಕಾದಷ್ಟು ಗುರುತು ಹಾಕಿ, ಆ ರಟ್ಟಿನ ಮಾದರಿಯಿಂದ ಹಾಳೆಯಲ್ಲಿ ಬಾಗಾಗಿಯೇ ಕೊಯ್ಯಿರಿ. ಬ್ಲೇಡು ಹೊಸದಿರಲಿ, ಸೋಪಿನ ನೀರಿನಲ್ಲಿ ಅದ್ದಿ ಎಳೆದರೆ ರಬ್ಬರು ಹಿಡಿದುಕೊಳ್ಳುವುದಿಲ್ಲ. ಒಂದೇ ಏಟಿಗೆ ಆರಪಾರ ಮಾಡುವ ಹಟ ಬೇಡ, ಮೂರು ನಾಲ್ಕು ಸಲ ಎಳೆಯಿರಿ. ಅಂಚಿನಲ್ಲಿ ಕಚ್ಚು ಬಿದ್ದರೆ ಸೀಳು ಅಲ್ಲಿಂದಲೇ ಹೊರಡುತ್ತದೆ.

ತೂತಿಗೆ ಡ್ರಿಲ್ ಹಾಕಿದರೆ ರಬ್ಬರು ಬಿಟ್ಟಿಗೆ ಸುತ್ತಿಕೊಂಡು ಹರಿಯುತ್ತದೆ. ಕಾಯಿಸಿದ ಮೊಳೆ ಚುಚ್ಚಿದರೆ ಸುತ್ತ ಸುಟ್ಟು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬೆಲ್ಟಿಗೆ ತೂತು ಹಾಕುವ ಟೊಳ್ಳು ಪಂಚು 3 ಮಿಮೀಯದು ಸಾಕು; ಕೆಳಗೆ ಮರದ ದಿಮ್ಮಿಯ ಕೊಯ್ದ ಮುಖ ಇಟ್ಟು ಒಂದೇ ಏಟು.

ಹಿಡಿಸುವುದು ಪಾಪ್ ರಿವೆಟ್ಟಿನಿಂದ, ರಬ್ಬರಿನ ಮೇಲೆ 12 ಮಿಮೀ ಅಗಲ, 1 ಮಿಮೀ ದಪ್ಪದ ಪಟ್ಟಿ ಕೊಟ್ಟು. ಪಟ್ಟಿ ಇಲ್ಲದೆ ಬರೀ ರಿವೆಟ್ ತಲೆ ಹಾಕಿದರೆ ಪ್ರತಿ ರಿವೆಟ್ಟಿನ ನಡುವೆ ರಬ್ಬರು ಬಾಯಿ ತೆರೆದು ನಿಲ್ಲುತ್ತದೆ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅಲ್ಯುಮಿನಿಯಂ ರಿವೆಟ್. ಕಬ್ಬಿಣಕ್ಕೂ ಅಲ್ಯುಮಿನಿಯಮ್ಮಿಗೂ ನಡುವೆ ಒದ್ದೆ ಮಣ್ಣಿದ್ದರೆ ತಿನ್ನಿಸಿಕೊಳ್ಳುವುದು ಅಲ್ಯುಮಿನಿಯಂ. ಎದುರಿಗೆ ದೊಡ್ಡ ಕಬ್ಬಿಣದ ತಗಡು, ಇದು ಕಡಲೆಕಾಳಿನಷ್ಟು, ಬೇಗ ಬಿಳಿ ಪುಡಿಯಾಗಿ ಉದುರುತ್ತದೆ. ಸ್ಟೇನ್‌ಲೆಸ್ ರಿವೆಟ್, ಸ್ಟೇನ್‌ಲೆಸ್ ಪಟ್ಟಿ ಹಾಕಿದರೆ ಸಣ್ಣದು ಉಳಿಯುತ್ತದೆ, ತಗಡಿಗೂ ಪ್ರೈಮರ್ ಇದ್ದರೆ ಅಪಾಯವಿಲ್ಲ. ಉದ್ದದ ಲೆಕ್ಕ: ತಗಡು 1, ರಬ್ಬರು 3, ಪಟ್ಟಿ 1, ಒಟ್ಟು 5 ಮಿಮೀ, ಅದಕ್ಕೆ ರಿವೆಟ್ ದಪ್ಪದ ಒಂದೂವರೆ ಪಟ್ಟು, 3.2 ಮಿಮೀ ರಿವೆಟ್ಟಿಗೆ 4.8. ಅಂದರೆ 10 ಮಿಮೀ ಉದ್ದದ್ದು. ತಗಡಿಗೆ ತೂತು 3.3, ರಿವೆಟ್‌ಗಳ ಅಂತರ 5 ಸೆಂಮೀ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಿ. ಒಂದು ತುದಿಯಿಂದ ಹೊರಟರೆ ರಬ್ಬರು ಜರುಗುತ್ತಾ ಜರುಗುತ್ತಾ ಕೊನೆಯಲ್ಲಿ ಗಂಟು ಬೀಳುತ್ತದೆ. ತೂತು ಕೊರೆದ ಮೇಲೆ ಅದರ ಬಾಯಿಗೂ ಪ್ರೈಮರ್ ಮುಟ್ಟಿಸುವುದನ್ನು ಮರೆಯಬೇಡಿ.

ಬರೀ ಅಂಟಿನಿಂದ ಹಿಡಿಸುತ್ತೇವೆ ಅನ್ನುವವರಿದ್ದಾರೆ. ಇಪಿಡಿಎಂ ಮೈ ಯಾವ ಅಂಟಿಗೂ ಸುಲಭಕ್ಕೆ ಬಗ್ಗುವುದಿಲ್ಲ. ನಿಯೋಪ್ರೀನ್ ಅಂಟಿಕೊಳ್ಳುತ್ತದೆ, 120ರ ಉಪ್ಪುಕಾಗದ ಉಜ್ಜಿ, ಪುಡಿ ಒರೆಸಿ, ಎರಡೂ ಕಡೆ ತೆಳ್ಳಗೆ ಸವರಿ ಹತ್ತು ಹದಿನೈದು ನಿಮಿಷ ಬಿಟ್ಟು ಒತ್ತಿದರೆ. ರಿವೆಟ್ ಹೊಡೆಯುವವರೆಗೆ ಜರುಗದಂತೆ ಹಿಡಿಯಲು ಅಷ್ಟು ಸಾಕು, ಅದಕ್ಕಿಂತ ಹೆಚ್ಚಿನ ನಂಬಿಕೆ ಅಂಟಿನ ಮೇಲೆ ಇಡಬೇಡಿ.

ರಬ್ಬರಿನ ತುಟಿ ಯಾವ ಕಡೆ ಮಡಿಚಬೇಕು? ಚಕ್ರದ ಕಡೆಗೆ. ನೀರಿನ ಏಟು ಬಿದ್ದಷ್ಟೂ ತುಟಿ ಮಡ್‌ಗಾರ್ಡಿಗೆ ಹೆಚ್ಚು ಒತ್ತಿಕೊಳ್ಳುತ್ತದೆ. ಹಿಂದಕ್ಕೆ, ಗೂಡಿನ ಕಡೆಗೆ ಮಡಿಚಿದರೆ ನೀರು ಮಡಿಕೆಯ ಸಂದಿಗೆ ನುಗ್ಗಿ ತುಟಿಯನ್ನು ಎಬ್ಬಿಸುತ್ತದೆ. ನಾವು ಎಡಗಡೆ ಮೊದಲ ಸಲ ಕೂರಿಸಿದಾಗ ಆದದ್ದು ಇದೇ. ಚಕ್ರದ ಗೂಡಿನಿಂದ ತಗಡನ್ನು ಹಿಂದಕ್ಕೆ ನೂಕುತ್ತಾ ಕೂರಿಸುವುದರಿಂದ ತುಟಿ ತಾನಾಗಿ ಚಕ್ರದ ಕಡೆಗೇ ಮಡಿಚಬೇಕು. ಆದರೆ ಬೋಲ್ಟ್ ತೂತು ಕೂಡಿಸಲು ಒಂದಿಷ್ಟು ಹೆಚ್ಚೇ ಹಿಂದಕ್ಕೆ ನೂಕಿ ಮತ್ತೆ ಮುಂದಕ್ಕೆ ಎಳೆದರೆ ಅಷ್ಟರಲ್ಲಿ ಮೇಲಿನ ಅರ್ಧ ತಿರುಗಿಬಿಡುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಮೇಲಿನ ಬೋಲ್ಟಿಗೆ ತಲೆ ಕತ್ತರಿಸಿದ ಉದ್ದ ಬೋಲ್ಟೊಂದನ್ನು ದಾರಿಗಂಬದ ಹಾಗೆ ಮೊದಲೇ ತಿರುಗಿಸಿಟ್ಟು, ತಗಡನ್ನು ಅದರ ಮೇಲೆ ಜಾರಿಸಿಕೊಂಡು ಒಂದೇ ದಿಕ್ಕಿಗೆ ಒಯ್ದರೆ ಈ ಕಾಟ ಇಲ್ಲ. ಜಾರಲು ಸೋಪಿನ ನೀರೊಂದೇ. ಗ್ರೀಸ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ.

ಕೂರಿಸುವ ಮುಂಚೆ ಇನ್ನೆರಡು ಕೆಲಸ. ತುಟಿಗೂ ಮಡ್‌ಗಾರ್ಡಿಗೂ ನಡುವೆ ಮರಳು ಸಿಕ್ಕಿಕೊಂಡು ಉಪ್ಪುಕಾಗದದ ಹಾಗೆ ಪೇಂಟನ್ನು ತಿಕ್ಕುತ್ತದೆ, ಎರಡು ವರ್ಷಕ್ಕೆ ಬರಿ ತಗಡಿನ ಗೆರೆ ಎದ್ದು ಅಲ್ಲಿ ತುಕ್ಕು. ಆದ್ದರಿಂದ ತುಟಿ ಕೂರುವ ಗೆರೆಯಲ್ಲಿ 40 ಮಿಮೀ ಅಗಲಕ್ಕೆ ಕಲ್ಲೇಟು ತಡೆಯುವ ದಪ್ಪ ಲೇಪ ಕೊಡಿ. ಗೂಡಿನ ಉಳಿದ ಭಾಗಕ್ಕೆ ಮೇಣದ ಲೇಪ ಹೊಡೆಯುವುದಾದರೆ ಈ ಗೆರೆಗೆ ಟೇಪು ಹಚ್ಚಿ ಹೊಡೆಯಿರಿ, ದ್ರಾವಕ ಆರಲು ಎರಡು ದಿನ ಬಿಡಿ. ಮೇಣದಲ್ಲಿರುವುದೂ ಪೆಟ್ರೋಲಿಯಂ ಎಣ್ಣೆಯೇ.

ಒಳಗಿನ ಮಡ್‌ಗಾರ್ಡಿಗೆ ತಗಡು ಬೋಲ್ಟಾಗುವ ಬದಿಗೆ 12 ಮಿಮೀ ಅಗಲದ ಮುಚ್ಚಿದ ರಂಧ್ರದ ಫೋಮ್ ಟೇಪ್ ಕೊಟ್ಟೆವು. ಅಲ್ಲಿ ಸೀಲಂಟ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವ ಸಾದಾ ಸಿಲಿಕೋನ್ ಬೇಡ. ಆರುವಾಗ ಹೊರಬರುವ ಆಮ್ಲ ಬರಿ ಕಬ್ಬಿಣ ಸಿಕ್ಕಲ್ಲಿ ತುಕ್ಕು ಹಿಡಿಸುತ್ತದೆ. ಪಿಯು (ಪಾಲಿಯುರೆಥೇನ್) ಸೀಲಂಟ್ ಒಳ್ಳೆಯದು, ಗಾಳಿಯ ತೇವದಿಂದಲೇ ಆರುವಂಥದ್ದು, ನಮ್ಮ ಊರಿನಲ್ಲಿ ತೇವಕ್ಕೆ ಬರವೇ?

ಈಗ ಆ ತೂತಿನ ಮಾತು. ರಬ್ಬರು ಚೆನ್ನಾಗಿ ಕೂತ ಖುಷಿಯಲ್ಲಿ ಕೆಳಗನ್ನೂ ಸೀಲಂಟ್ ತುಂಬಿ ಮುಚ್ಚಿಬಿಡುವವರು ಬಹಳ. ಬೋಲ್ಟ್ ಮಡ್‌ಗಾರ್ಡಿನ ಗಾಡಿಯಲ್ಲಿ ನೀರು ಚಕ್ರದಿಂದ ಮಾತ್ರ ಬರುವುದಿಲ್ಲ. ಗಾಜಿನ ಬುಡದ ಹತ್ತಿರ ಮಡ್‌ಗಾರ್ಡ್ ಮೈಗೆ ಕೂಡುವ ಜೋಡಿನಿಂದ ತೊಟ್ಟಿಕ್ಕುತ್ತದೆ, ರಾತ್ರಿ ತಂಪಿಗೆ ತಗಡಿನ ಒಳಮೈಯಲ್ಲಿ ಬೆವರುತ್ತದೆ. ಅದು ಇಳಿದು ಹೋಗಲೇಬೇಕು. ಪಟ್ಟಿಯನ್ನು ಕೆಳಗೆ ಮಡ್‌ಗಾರ್ಡಿನ ಪಾದಕ್ಕಿಂತ 15 ಮಿಮೀ ಮೇಲೆ ನಿಲ್ಲಿಸಿದೆವು, ಕೆಳಗಿನ ತೂತನ್ನು 8 ಮಿಮೀಗೆ ದೊಡ್ಡದು ಮಾಡಿ ಬಾಯಿಗೆ ಪ್ರೈಮರ್ ಬಳಿದೆವು. ಕೆಳಗಿಂದ ಅಷ್ಟಿಷ್ಟು ಕೆಸರು ಸಿಡಿದು ಒಳಗೆ ಹೋದೀತು, ಹೋದದ್ದು ಮುಂದಿನ ಮಳೆಗೆ ತೊಳೆದು ಬರುತ್ತದೆ. ಪೂರ್ತಿ ಮುಚ್ಚಿದ ಗೂಡಿಗಿಂತ ಇದು ಮೇಲು.

ಪರೀಕ್ಷೆ ಮೂರು ಬಗೆಯದು, ಮೂರನ್ನೂ ಮಾಡಿ. ಮೊದಲು ಸೀಮೆಸುಣ್ಣ: ತುಟಿಗೆ ಪುಡಿ ಹಚ್ಚಿ ತಗಡು ಕೂರಿಸಿ ಬಿಚ್ಚಿದರೆ ಮಡ್‌ಗಾರ್ಡಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ಗೆರೆ 10 ಮಿಮೀ ಅಗಲಕ್ಕಿಂತ ಸಣ್ಣದಾದಲ್ಲಿ ರಬ್ಬರು ಸಾಲದು. ಎರಡನೆಯದು ಬೆಳಕು: ಕತ್ತಲಾದ ಮೇಲೆ ಚಕ್ರದ ಕಡೆ ಟಾರ್ಚ್ ಹಿಡಿದು, ಬಾಗಿಲು ತೆರೆದು, ಕಂಬದ ಹತ್ತಿರದ ಸಂದಿಯಿಂದ ಒಳಗೆ ಇಣುಕಿ ನೋಡಿ. ಕೊನೆಯದು ನೀರು: ಚಕ್ರ ಎಸೆಯುವ ದಿಕ್ಕಿನಲ್ಲಿ, ಕೆಳಗಿಂದ ಮೇಲಕ್ಕೆ ಹತ್ತು ನಿಮಿಷ ಪೈಪು ಹಿಡಿದು, ಕೆಳಗಿನ ತೂತಿಗೆ ಒಣ ಪೇಪರ್ ಒಡ್ಡಿ. ನಾಲ್ಕು ಹನಿ ಬಂದರೆ ಪರವಾಗಿಲ್ಲ, ಸಣ್ಣ ಧಾರೆ ಬಂದರೆ ಮತ್ತೆ ಬಿಚ್ಚಬೇಕು. ನಮ್ಮ ಬಲಗಡೆ ಮೊದಲ ಪರೀಕ್ಷೆಗೇ ನಿಂತಿತು. ಎಡಗಡೆ ಎರಡು ಸಲ ಬಿಚ್ಚಿಸಿತು.

ಗಾಡಿ ಜೂನಿನಲ್ಲಿ ತೋಟಕ್ಕೆ ಹೋಯಿತು. ದಸರಾ ಮುಗಿದ ಮೇಲೆ ವಾಪಸು ಕರೆಸಿ ಎರಡೂ ತಗಡು ಬಿಚ್ಚಿ ನೋಡಿದೆವು. ಬಲಗಡೆ ಗೂಡಿನಲ್ಲಿ ಧೂಳು ಬಿಟ್ಟರೆ ಏನಿಲ್ಲ, ಹೊಟ್ಟೆ ಬಂದ ಪಟ್ಟಿ ಹಾಕಿದ ಹಾಗೇ ಇತ್ತು. ಎಡಗಡೆ ಮೇಲಿನ ಮೂಲೆಯಿಂದ ಕೆಂಪು ನೀರಿನ ಒಂದು ಗೀಟು ಹೆಬ್ಬೆರಳಿನಗಲಕ್ಕೆ ಇಳಿದಿತ್ತು. ರಬ್ಬರಿನ ತುದಿ, ಒಳಗಿನ ಮಡ್‌ಗಾರ್ಡ್, ಹೊರಗಿನ ಮಡ್‌ಗಾರ್ಡ್ ಮೂರೂ ಕೂಡುವ ಮೂಲೆ ಅದು. ಬಾಗಿದ ಪಟ್ಟಿ ಅಲ್ಲಿಗೆ ಪೂರ್ತಿ ತಲುಪುವುದೇ ಇಲ್ಲ, ಒಂದು ಪೆನ್ಸಿಲ್ ತೂರುವಷ್ಟು ಮುಕ್ಕೋನ ಉಳಿಯುತ್ತದೆ. ಮುಚ್ಚಿದ ರಂಧ್ರದ ನಿಯೋಪ್ರೀನ್ ಸ್ಪಂಜಿನಿಂದ 20 ಮಿಮೀ ಉದ್ದ, 20 ಅಗಲ, 12 ದಪ್ಪದ ತುಂಡು ಕೊಯ್ದು, ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿ, ತಗಡಿನ ಮೇಲ್ತುದಿಗೆ ಅಂಟಿಸಿ, ಬೋಲ್ಟ್ ಬಿಗಿಯುವಾಗ ಅದು ಅಮುಕಿಕೊಳ್ಳುವ ಹಾಗೆ ಕೂರಿಸಿದೆವು. ಬಲಗಡೆಗೂ ಅಂಥದ್ದೇ ಒಂದು ತುಂಡು ಹಾಕಿ ಗಾಡಿ ಕಳಿಸಿದೆವು.